ಆಭರಣ ಸಮೂಹದ ಹಸಿರು ವರದಿಯನ್ನು ಒರೆಗೆ ಹಚ್ಚುವುದು ಹೇಗೆ?

ಈ ಬಾರಿ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಹತ್ತಾರು, ನೂರಾರು ಮಳಿಗೆಗಳಿರುವ ಆಭರಣ ಸಮೂಹಗಳು ವರ್ಷಕ್ಕೊಮ್ಮೆ ಸಾಮಾಜಿಕ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಹೊರತರುತ್ತವಲ್ಲ, ಅದನ್ನು ಓದುವುದು ಹೇಗೆ, ಬರೆಯುವುದು ಹೇಗೆ ಎಂಬುದು. ಕೇಳಿದವರಲ್ಲಿ ಗ್ರಾಹಕರಿದ್ದಾರೆ, ಷೇರುದಾರರಿದ್ದಾರೆ, ಇಂಥ ಸಮೂಹಗಳಲ್ಲೇ ದುಡಿಯುವವರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಷೇರು ಕೊಂಡಿರುವ ಸಮೂಹದ ವರದಿಯಲ್ಲಿ ಅರ್ಧಕ್ಕರ್ಧ ಪುಟ ಶಾಲೆಗೆ ಕಟ್ಟಡ, ಆಸ್ಪತ್ರೆಗೆ ಯಂತ್ರ, ಗಿಡ ನೆಡುವ ಕಾರ್ಯಕ್ರಮಗಳೇ. ಸುಸ್ಥಿರತೆ ಎಂದರೆ ಇದೇನಾ?

ಉತ್ತರ: ಇದು ದಾನದ ಲೆಕ್ಕ. ಕಟ್ಟಡವೂ ಬೇಕು, ಯಂತ್ರವೂ ಬೇಕು, ಅವನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ಬಂದ ಲಾಭದಲ್ಲಿ ಒಂದು ಪಾಲು ಎಲ್ಲಿ ಹೋಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸುಸ್ಥಿರತೆಯ ಪ್ರಶ್ನೆ ಅದಕ್ಕೂ ಮೊದಲಿನದು. ಆ ಲಾಭ ತಂದುಕೊಟ್ಟ ಚಿನ್ನ ಯಾವ ನೆಲದಿಂದ ಬಂತು, ಕಲ್ಲಿಗೆ ಸಾಣೆ ಹಿಡಿದವರ ಶ್ವಾಸಕೋಶ ಹೇಗಿದೆ, ಮೂಸೆಯ ಕೆಳಗೆ ಉರಿದ ಇಂಧನ ಯಾವುದು ಎಂದು ಅದು ಕೇಳುತ್ತದೆ.

ಎರಡನ್ನೂ ಬೇರೆ ಇಡುವುದಕ್ಕೆ ಕಾನೂನಿನ ಕಾರಣವೂ ಉಂಟು. ಭಾರತದ 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ 2% ಭಾಗವನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಆದರೆ ಕಂಪನಿಯ ಎಂದಿನ ವ್ಯವಹಾರದ ಭಾಗವಾದ ಕೆಲಸವನ್ನು, ತನ್ನ ನೌಕರರಿಗೆ ಮಾತ್ರ ಅನುಕೂಲವಾಗುವ ಕೆಲಸವನ್ನು ಈ ಖಾತೆಗೆ ಬರೆಯುವಂತಿಲ್ಲ. ಎಂದರೆ ತನ್ನ ಎರಕದ ಮನೆಯ ದೂಳು ತಡೆಯಲು ಹಾಕಿದ ಹಣ ಸಿಎಸ್‌ಆರ್ ಆಗುವುದಿಲ್ಲ. ಹಾಗಾಗಿ ಸಿಎಸ್‌ಆರ್ ಮೊತ್ತ ದೊಡ್ಡದಿದೆ ಎಂದು ಒಳಮನೆಯೂ ಚೊಕ್ಕಟವಾಗಿದೆ ಎಂದುಕೊಳ್ಳಲಾಗದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಗಿಡದ ವಿಷಯದಲ್ಲಿ ಒಂದೇ ಪ್ರಶ್ನೆ ಸಾಕು. ಮೂರು ವರ್ಷದ ಹಿಂದೆ ನೆಟ್ಟವುಗಳಲ್ಲಿ ಎಷ್ಟು ಬದುಕಿವೆ? ನೆಟ್ಟ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ, ಉಳಿದ ಲೆಕ್ಕ ಕೇಳಿ.

ಪ್ರಶ್ನೆ: "ನಮ್ಮ ಇಂಗಾಲದ ಹೊರಸೂಸುವಿಕೆ ಅರ್ಧಕ್ಕೆ ಇಳಿದಿದೆ" ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ನಂಬಬಹುದೇ?

ಉತ್ತರ: ಸಂಖ್ಯೆ ನಿಜವೇ ಇರಬಹುದು. ಯಾವುದರ ಅರ್ಧ ಎಂಬುದನ್ನು ಕೆಳಗಿನ ಸಣ್ಣಕ್ಷರದಲ್ಲಿ ಹುಡುಕಬೇಕು.

ಹೊರಸೂಸುವಿಕೆಯನ್ನು ಮೂರು ಸ್ಕೋಪ್‌ಗಳಾಗಿ ವಿಂಗಡಿಸುವುದು ವಾಡಿಕೆ. ಸ್ವಂತ ಜನರೇಟರ್‌ನ ಡೀಸೆಲ್, ಎರಕದ ಮನೆಯ ಅನಿಲ, ಎ.ಸಿ.ಯಿಂದ ಸೋರಿದ ಶೀತಕ ಸ್ಕೋಪ್ 1ಕ್ಕೆ ಸೇರುತ್ತವೆ. ಕೊಂಡ ವಿದ್ಯುತ್ತು ಸ್ಕೋಪ್ 2. ಉಳಿದದ್ದೆಲ್ಲ, ಅಂದರೆ ಗಣಿ, ಲೋಹ ಶುದ್ಧ ಮಾಡುವ ರಿಫೈನರಿ, ಸಾಣೆ, ಸಾಗಣೆ, ಪೆಟ್ಟಿಗೆ, ಸಿಬ್ಬಂದಿಯ ಓಡಾಟ ಸ್ಕೋಪ್ 3. ಇದರಲ್ಲಿ 15 ವರ್ಗಗಳಿವೆ. ಆಭರಣದವರಿಗೆ ಮೊದಲನೆಯ ವರ್ಗವೇ, ಅಂದರೆ ಕೊಂಡ ಸರಕೇ, ಎಲ್ಲಕ್ಕಿಂತ ದೊಡ್ಡದು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಸಮೂಹಕ್ಕೆ 200 ಮಳಿಗೆ, ಪ್ರತಿ ಮಳಿಗೆಗೂ ವರ್ಷಕ್ಕೆ ಒಂದು ಲಕ್ಷ ಯೂನಿಟ್ ವಿದ್ಯುತ್ತು. ಯೂನಿಟ್‌ಗೆ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಒಟ್ಟು 14,000 ಟನ್. ಅದೇ ಸಮೂಹ ವರ್ಷಕ್ಕೆ 5 ಟನ್ ಗಣಿ ಚಿನ್ನ ಮಾರುತ್ತದೆ ಎನ್ನಿ. ಗಣಿಯಿಂದ ಬಂದ ಒಂದು ಕಿಲೋ ಚಿನ್ನಕ್ಕೆ ಹತ್ತಾರು ಟನ್ ಇಂಗಾಲ ತಗಲುತ್ತದೆ. 30 ಟನ್ ಎಂದು ಹಿಡಿದರೂ 1,50,000 ಟನ್ ಆಯಿತು. ಈಗ ಮಳಿಗೆಗಳ ವಿದ್ಯುತ್ತಿನ ಹೊರಸೂಸುವಿಕೆ ಅರ್ಧಕ್ಕಿಳಿಯಿತು ಎಂದುಕೊಳ್ಳಿ. ಉಳಿತಾಯವಾದದ್ದು 7,000 ಟನ್, ಒಟ್ಟು 1,64,000 ಟನ್‌ನಲ್ಲಿ 4%ಗಿಂತ ತುಸು ಹೆಚ್ಚು. ದಪ್ಪಕ್ಷರದ "ಅರ್ಧ"ದ ನಿಜವಾದ ತೂಕ ಇಷ್ಟು.

ಇನ್ನೆರಡು ಕಡೆ ಕಣ್ಣಿಡಿ. "ಪ್ರತಿ ಕೋಟಿ ವಹಿವಾಟಿಗೆ ಇಷ್ಟು ಟನ್" ಎಂಬ ಲೆಕ್ಕ ಆಭರಣ ವ್ಯಾಪಾರದಲ್ಲಿ ಶುದ್ಧ ಮೋಸ ಎನ್ನಬಹುದು. ಚಿನ್ನದ ಬೆಲೆ ಏರಿದರೆ ಸಾಕು, ಏನೂ ಮಾಡದೆಯೇ ಆ ಅಂಕಿ ಇಳಿಯುತ್ತದೆ. ಮಾರಿದ ಶುದ್ಧ ಚಿನ್ನದ ಕಿಲೋಗೆ ಎಷ್ಟು ಎಂದು ಕೊಟ್ಟಿದ್ದರೆ ಒಪ್ಪಬಹುದು. ಎರಡನೆಯದು, ಸ್ಕೋಪ್ 2ಕ್ಕೆ ಎರಡು ಬಗೆಯ ಲೆಕ್ಕವಿದೆ. ಒಂದು ಆ ಊರಿನ ಗ್ರಿಡ್‌ನ ಸರಾಸರಿ ಮೇಲೆ, ಇನ್ನೊಂದು ಕಂಪನಿ ಕೊಂಡ ಹಸಿರು ವಿದ್ಯುತ್ ಪ್ರಮಾಣಪತ್ರಗಳ ಮೇಲೆ. ಎರಡನೆಯದು ಸೊನ್ನೆಯಾಗಿದ್ದೂ ಮೊದಲನೆಯದು ಏರಿರಬಹುದು. ಎರಡೂ ಅಂಕಿ ಅಕ್ಕಪಕ್ಕ ಇರಬೇಕು.

ಪ್ರಶ್ನೆ: ಹಾಗಾದರೆ ಮಳಿಗೆಯ ದೀಪ, ಎ.ಸಿ. ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ವ್ಯರ್ಥವೇ? ನಾನು ಒಂದು ಮಳಿಗೆಯ ಉಸ್ತುವಾರಿ ನೋಡಿಕೊಳ್ಳುತ್ತೇನೆ.

ಉತ್ತರ: ವ್ಯರ್ಥವಲ್ಲ, ನಿಮ್ಮ ಕೈಯಲ್ಲಿರುವುದು ಅದೇ. 50 ವ್ಯಾಟ್‌ನ 300 ಹ್ಯಾಲೊಜನ್ ದೀಪ ದಿನಕ್ಕೆ 12 ಗಂಟೆಯಂತೆ 360 ದಿನ ಉರಿದರೆ 64,800 ಯೂನಿಟ್. 7 ವ್ಯಾಟ್‌ನ ಎಲ್‌ಇಡಿ ಹಾಕಿದರೆ 9,072. ದೀಪದ ಶಾಖ ಇಳಿದ ಕಾರಣ ಎ.ಸಿ.ಯ ಹೊರೆಯೂ ತಗ್ಗುತ್ತದೆ.

ಈ ಬದಲಾವಣೆ ಸೋಲುವುದು ಬಣ್ಣದಲ್ಲಿ. ಅಗ್ಗದ ಎಲ್‌ಇಡಿ ಕೆಳಗೆ ಚಿನ್ನ ಕಳೆಗುಂದಿ ಹಿತ್ತಾಳೆಯಂತೆ ಕಾಣುತ್ತದೆ, ಮಾರಾಟದ ಹುಡುಗರು ಮೂರೇ ದಿನಕ್ಕೆ ಹಳೆಯ ದೀಪ ಕೇಳುತ್ತಾರೆ. ಚಿನ್ನದ ಕಪಾಟಿಗೆ 3,000 ಕೆಲ್ವಿನ್ ಆಸುಪಾಸಿನ ಬೆಚ್ಚನೆಯ ಬೆಳಕು, ವಜ್ರಕ್ಕೆ 4,000ದಿಂದ 5,000 ಕೆಲ್ವಿನ್. ಎರಡಕ್ಕೂ ಬಣ್ಣ ನಿಖರತೆಯ ಸೂಚ್ಯಂಕ 90ಕ್ಕಿಂತ ಮೇಲಿರಲಿ. ಒಂದು ಕಪಾಟಿಗೆ ಹಾಕಿ ವಾರ ನೋಡಿ, ಆಮೇಲೆ ಉಳಿದವಕ್ಕೆ ಆರ್ಡರ್ ಕೊಡಿ.

ಎ.ಸಿ. ವಿಷಯದಲ್ಲಿ ಕರೆಂಟಿನಷ್ಟೇ ಶೀತಕದ ಸೋರಿಕೆಯೂ ಮುಖ್ಯ. ಆರ್-410ಎ ಎಂಬ ಶೀತಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಬಲವಾಗಿ ಶಾಖ ಹಿಡಿದಿಡುತ್ತದೆ. ವರ್ಷದಲ್ಲಿ 10 ಕಿಲೋ ತುಂಬಿಸಿದ್ದೀರಿ ಎಂದರೆ ಅಷ್ಟೇ ಸೋರಿದೆ ಎಂದರ್ಥ, ಸುಮಾರು 20 ಟನ್‌ಗೆ ಸಮ. ರಿಪೇರಿಯವರ ಬಿಲ್ಲಿನಲ್ಲಿ "ಗ್ಯಾಸ್ ಚಾರ್ಜ್" ಎಂದಷ್ಟೇ ಇರುತ್ತದೆ. ಯಾವ ಗ್ಯಾಸ್, ಎಷ್ಟು ಕಿಲೋ ಎಂದು ಬರೆಸಿಕೊಳ್ಳಿ.

ಪ್ರಶ್ನೆ: "100% ಮರುಬಳಕೆ ಚಿನ್ನ" ಎಂಬ ಒಡವೆ ಕೊಂಡರೆ ಗಣಿಗಾರಿಕೆ ಕಡಿಮೆಯಾಗುತ್ತದೆಯೇ?

ಉತ್ತರ: ನೇರವಾಗಿ ಇಲ್ಲ. ಚಿನ್ನವನ್ನು ಯಾರೂ ಕಸಕ್ಕೆ ಎಸೆಯುವುದಿಲ್ಲ. ಮೊದಲಿನಿಂದಲೂ ಕರಗುತ್ತಲೇ, ಮತ್ತೆ ಒಡವೆಯಾಗುತ್ತಲೇ ಬಂದಿದೆ. ಗಣಿಗಳಿಂದ ವರ್ಷಕ್ಕೆ ಸುಮಾರು 3,600 ಟನ್ ಹೊರಬರುತ್ತದೆ, ಮಾರುಕಟ್ಟೆಗೆ ಬರುವ ಒಟ್ಟು ಚಿನ್ನದಲ್ಲಿ ಸುಮಾರು ಕಾಲು ಭಾಗ ಹಳೆಯದನ್ನು ಕರಗಿಸಿದ್ದು. ಹಳೆಯ ಚಿನ್ನದ ಪ್ರಮಾಣ ಏರಿಳಿಯುವುದು ಬಹುಮಟ್ಟಿಗೆ ಬೆಲೆಯ ಮೇಲೆ. ಒಂದು ಸಮೂಹ ಆ ಕಾಲು ಭಾಗದಿಂದಲೇ ಎಲ್ಲವನ್ನೂ ಕೊಂಡರೆ ಇನ್ನೊಬ್ಬರು ಗಣಿಯದ್ದನ್ನು ಕೊಳ್ಳುತ್ತಾರೆ. ಆ ಸಮೂಹದ ವರದಿಯಲ್ಲಿ ಇಂಗಾಲ ಇಳಿಯುವುದು ನಿಜ, ಏಕೆಂದರೆ ಕರಗಿಸಿ ಶುದ್ಧ ಮಾಡಲು ಗಣಿಯ ಎದುರು ಅತ್ಯಲ್ಪ ಶಕ್ತಿ ಸಾಕು. ಆದರೆ ಭೂಮಿಯ ಲೆಕ್ಕ ಅಷ್ಟರಮಟ್ಟಿಗೆ ಇಳಿದಿರುವುದಿಲ್ಲ. ಡೆನ್ಮಾರ್ಕ್‌ನ ಆಭರಣ ಕಂಪನಿ ಪಂಡೋರಾ 2025ರೊಳಗೆ ಬೆಳ್ಳಿ, ಚಿನ್ನ ಎರಡನ್ನೂ ಪೂರ್ತಿ ಮರುಬಳಕೆಯದ್ದೇ ಕೊಳ್ಳುವುದಾಗಿ 2020ರಲ್ಲಿ ಘೋಷಿಸಿ, ಗುರಿ ಮುಟ್ಟಿದ್ದಾಗಿ 2024ರ ಆರಂಭದಲ್ಲಿ ಹೇಳಿತು. ಪೂರೈಕೆದಾರರನ್ನೆಲ್ಲ ಆ ದಾರಿಗೆ ತರುವುದು ಸಣ್ಣ ಕೆಲಸವಲ್ಲ, ಅದರ ಶಿಸ್ತನ್ನು ಮೆಚ್ಚಬೇಕು. ಮೇಲಿನ ಮಾತು ಅದಕ್ಕೂ ಅನ್ವಯಿಸುತ್ತದೆ, ಅಷ್ಟೆ.

ಇನ್ನು "ಮರುಬಳಕೆ" ಎಂಬ ಪದದೊಳಗೆ ಏನೇನು ತುರುಕಿದ್ದಾರೆ ನೋಡಿ. ಗ್ರಾಹಕರು ಮರಳಿಸಿದ ಹಳೆಯ ಒಡವೆ, ಹಳೆಯ ಎಲೆಕ್ಟ್ರಾನಿಕ್ಸ್‌ನಿಂದ ತೆಗೆದದ್ದು ನಿಜವಾದ ಮರುಬಳಕೆ. ಅಕ್ಕಸಾಲಿಗರ ಮೇಜಿನ ಅರದ ಪುಡಿ, ಎರಕದ ವೇಳೆ ಲೋಹ ಹರಿದ ದಾರಿಯಲ್ಲಿ ಉಳಿದ ಕಾಂಡದ ತುಂಡು ಮತ್ತೆ ಅದೇ ಮೂಸೆಗೆ ಹೋಗುವಂಥವು. ಐಎಸ್‌ಒ 14021 ಮಾನದಂಡದ ಪ್ರಕಾರ, ಹುಟ್ಟಿದ ಪ್ರಕ್ರಿಯೆಯಲ್ಲೇ ಮರಳಿ ಬಳಸಬಹುದಾದ ಚೂರು ಮರುಬಳಕೆಯ ಅಂಶವಾಗಿ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿನ ತಿಜೋರಿಯಲ್ಲಿದ್ದ ಗಟ್ಟಿಯನ್ನು ಕರಗಿಸಿ "ಮರುಬಳಕೆ" ಎನ್ನುವವರೂ ಇದ್ದಾರೆ. ಆದ್ದರಿಂದ ಶೇಕಡಾವಾರು ಒಂದೇ ಸಾಲದು, ಯಾವ ಮೂಲದಿಂದ ಎಷ್ಟು ಕಿಲೋ ಎಂಬ ಕೋಷ್ಟಕ ಬೇಕು.

ದೊಡ್ಡ ಅಪಾಯ ಬೇರೆಯೇ ಇದೆ. ಕರಗಿದ ಚಿನ್ನಕ್ಕೆ ಜಾತಕವಿಲ್ಲ. ಕರಗಿದ ಲೋಹದೊಳಗೆ ಕ್ಲೋರಿನ್ ಹಾಯಿಸುವ ಮಿಲ್ಲರ್ ವಿಧಾನದಲ್ಲಿ ಸುಮಾರು 99.5% ಶುದ್ಧತೆ ಬರುತ್ತದೆ, ವೋಲ್ವಿಲ್ ವಿದ್ಯುದ್ವಿಭಜನೆಯಲ್ಲಿ 99.99%. ಅಲ್ಲಿಗೆ ಬೆರಕೆಯ ಜೊತೆ ಮೂಲದ ಗುರುತೂ ಹೋಯಿತು. ಸಂಘರ್ಷ ಪ್ರದೇಶದ ಗಣಿ ಚಿನ್ನವನ್ನು ಒರಟಾಗಿ ಬಳೆಯ ಆಕಾರಕ್ಕೆ ತಂದು "ಹಳೆಯ ಒಡವೆ" ಎಂದು ರಿಫೈನರಿಗೆ ದಾಟಿಸಲು ಇದು ಸಲೀಸು. ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಕೂಟವಾದ ಒಇಸಿಡಿಯ ಮಾರ್ಗಸೂಚಿ ರಿಫೈನರಿಯನ್ನೇ ಕಾವಲು ಕಟ್ಟೆ ಮಾಡಿಕೊಂಡಿರುವುದು ಈ ಕಾರಣಕ್ಕೆ. ವ್ಯವಸ್ಥೆ ಕಟ್ಟುವುದು, ಅಪಾಯ ಗುರುತಿಸುವುದು, ಅದಕ್ಕೆ ಪ್ರತಿಕ್ರಮ, ರಿಫೈನರಿಯ ಸ್ವತಂತ್ರ ಲೆಕ್ಕಪರಿಶೋಧನೆ, ವಾರ್ಷಿಕ ವರದಿ ಎಂಬ ಐದು ಹಂತ ಅದರಲ್ಲಿದೆ. ವರದಿಯಲ್ಲಿ ರಿಫೈನರಿಗಳ ಹೆಸರುಗಳ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ "ಹೊಣೆಯರಿತ ಮೂಲ" ಎಂಬ ಮಾತಿಗೆ ಬುಡವಿಲ್ಲ.

ಪ್ರಶ್ನೆ: ಹಳೆಯ ಒಡವೆ ವಿನಿಮಯದ ವೇಳೆ ಯಂತ್ರದ ಕೆಳಗಿಟ್ಟು ಅರೆ ನಿಮಿಷದಲ್ಲಿ ಶುದ್ಧತೆ ಹೇಳುತ್ತಾರೆ. ಆಮೇಲೆ ಕರಗಿಸಿಯೇ ತೀರಬೇಕು ಎನ್ನುತ್ತಾರೆ. ಏಕೆ?

ಉತ್ತರ: ಎಕ್ಸ್‌ರೇ ಹಾಯಿಸಿ ಲೋಹ ಗುರುತಿಸುವ ಆ ಎಕ್ಸ್‌ಆರ್‌ಎಫ್ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ. ದಪ್ಪ ಲೇಪನ, ಟೊಳ್ಳಿನೊಳಗಿನ ಅರಗು, ಬೆಸುಗೆಯ ಜಾಗ ಇವೆಲ್ಲ ಅದನ್ನು ದಾರಿ ತಪ್ಪಿಸುತ್ತವೆ. ಕರಗಿಸಿ ಕಲಕಿದ ಮೇಲೆ ತೆಗೆದ ಮಾದರಿ ಇಡೀ ಒಡವೆಯ ಸರಾಸರಿ ಹೇಳುತ್ತದೆ. ನಿಖರತೆ ಬೇಕಿದ್ದರೆ ಸೀಸ ಸೇರಿಸಿ ಕಾಯಿಸಿ, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಬೇರ್ಪಡಿಸುವ ಅಗ್ನಿಪರೀಕ್ಷೆಯೇ ಕೊನೆಯ ಮಾತು. ಸುಸ್ಥಿರತೆಯ ವರದಿಗೂ ಇದಕ್ಕೂ ಸಂಬಂಧವಿದೆ. ಕೊಟ್ಟವರ ಗುರುತು, ತೂಕ, ಕರಗಿಸಿದ ಮೇಲಿನ ತೂಕ ಮೂರೂ ದಾಖಲಾದ ವಿನಿಮಯ ಚಿನ್ನಕ್ಕಿಂತ ಗಟ್ಟಿ ಆಧಾರದ ಮರುಬಳಕೆ ಚಿನ್ನ ಮಳಿಗೆಯವರಿಗೆ ಸಿಗುವುದು ಕಷ್ಟ.

ಪ್ರಶ್ನೆ: ರೆಸ್ಪಾನ್ಸಿಬಲ್ ಜ್ಯುವೆಲರಿ ಕೌನ್ಸಿಲ್‌ನ ಮಾನ್ಯತೆ ಇದೆ ಎನ್ನುತ್ತಾರೆ. ಅಂದರೆ ಆ ಉಂಗುರ ಶುದ್ಧ ಮೂಲದ್ದೇ?

ಉತ್ತರ: 2005ರಲ್ಲಿ ಶುರುವಾದ ಆಭರಣ ಉದ್ಯಮದ ಈ ಮಂಡಳಿ ಮುಖ್ಯವಾಗಿ ಎರಡು ಬಗೆಯ ಪ್ರಮಾಣಪತ್ರ ಕೊಡುತ್ತದೆ. ನಡವಳಿಕೆ ಸಂಹಿತೆಯದು ಕಂಪನಿಗೆ ಸಿಗುವಂಥದ್ದು. ಕಾರ್ಮಿಕರು, ಸುರಕ್ಷತೆ, ಲಂಚ, ಪರಿಸರ ಇವುಗಳ ಬಗ್ಗೆ ಹೊರಗಿನ ಪರಿಶೋಧಕರು ನೋಡಿ ಹೋಗಿದ್ದಾರೆ ಎಂದು ಅದರ ಅರ್ಥ. ಇನ್ನೊಂದು ಕೈಬದಲಾವಣೆಯ ಸರಪಳಿಯ ಪ್ರಮಾಣಪತ್ರ, ಲೋಹದ ಹಾದಿಯನ್ನು ಹಿಂಬಾಲಿಸುವುದು ಅದು. ಮಳಿಗೆಯ ಗೋಡೆಯ ಮೇಲೆ ಹೆಚ್ಚಾಗಿ ಕಾಣುವುದು ಮೊದಲನೆಯದು. ಅದನ್ನು ತೋರಿಸಿ ಉಂಗುರದ ಮೂಲದ ಭರವಸೆ ಕೊಟ್ಟರೆ ಒಪ್ಪಬೇಡಿ. ಮಾನ್ಯತೆಯ ವ್ಯಾಪ್ತಿ ಕೇಳಿ. ಸಮೂಹದ ಎಲ್ಲ ಘಟಕಗಳೂ ಅದರೊಳಗಿವೆಯೇ, ಹೊರಗುತ್ತಿಗೆಯವರು ಇದ್ದಾರೆಯೇ? ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರಲ್ಲಿ ರಷ್ಯದ ವಜ್ರ ಗಣಿ ಕಂಪನಿ ಅಲ್ರೋಸಾದ ಸದಸ್ಯತ್ವದ ವಿಷಯದಲ್ಲೇ ಪಂಡೋರಾ ಮತ್ತು ಐಷಾರಾಮಿ ಸರಕಿನ ಸಮೂಹಗಳಾದ ಕೆರಿಂಗ್, ರಿಷ್ಮಾಂಟ್ ಮಂಡಳಿಯಿಂದ ಹೊರಬಂದಿದ್ದವು. ಮಾನ್ಯತೆ ಕೊಡುವವರೂ ಪರೀಕ್ಷೆಗೆ ಒಳಗಾಗುತ್ತಾರೆ ಎಂಬುದಕ್ಕೆ ಇದೊಂದು ನಿದರ್ಶನ.

ಪ್ರಶ್ನೆ: "ನಮ್ಮ ವಜ್ರಗಳೆಲ್ಲ ಕಿಂಬರ್ಲಿ ಪ್ರಕ್ರಿಯೆಗೆ ಒಳಪಟ್ಟವು" ಎಂದರೆ ಸಾಕೇ?

ಉತ್ತರ: 2003ರಲ್ಲಿ ಜಾರಿಗೆ ಬಂದ ಆ ವ್ಯವಸ್ಥೆಯ ವ್ಯಾಖ್ಯೆ ಇಕ್ಕಟ್ಟಿನದು. ಕಾನೂನುಬದ್ಧ ಸರ್ಕಾರಗಳ ವಿರುದ್ಧ ಬಂಡಾಯಗಾರರು ಯುದ್ಧಕ್ಕೆ ಹಣ ಒದಗಿಸಲು ಬಳಸುವ ಕಚ್ಚಾ ವಜ್ರವನ್ನಷ್ಟೇ ಅದು ತಡೆಯುತ್ತದೆ. ಸರ್ಕಾರದ ಸೈನಿಕರೇ ಗಣಿಯಲ್ಲಿ ಹಿಂಸೆ ನಡೆಸಿದರೆ, ಮಕ್ಕಳು ದುಡಿದರೆ, ನದಿ ಹಾಳಾದರೆ ಅದು ಮಾತಾಡುವುದಿಲ್ಲ. ವ್ಯವಸ್ಥೆಗಾಗಿ ಮೊದಲಿನಿಂದ ದುಡಿದ ಗ್ಲೋಬಲ್ ವಿಟ್ನೆಸ್ ಸಂಸ್ಥೆ 2011ರಲ್ಲಿ ಹೊರನಡೆದದ್ದು ಇಂಥ ಅಸಮಾಧಾನದಿಂದಲೇ. ಜೊತೆಗೆ ಪ್ರಮಾಣಪತ್ರವಿರುವುದು ಕಚ್ಚಾ ವಜ್ರದ ಪೊಟ್ಟಣಕ್ಕೆ. ಸಾಣೆಯ ಊರಿಗೆ ಬಂದ ಮೇಲೆ ಪೊಟ್ಟಣ ಬಿಚ್ಚಿ ಗಾತ್ರ, ಬಣ್ಣದ ಪ್ರಕಾರ ಬೆರೆಸಿ ವಿಂಗಡಿಸುತ್ತಾರೆ, ಮೂಲ ಅಲ್ಲಿಗೇ ಕಳೆದುಹೋಗುತ್ತದೆ. ಹೊಳಪಿಸಿದ ಕಲ್ಲಿಗೆ ಉಳಿಯುವುದು ಬಿಲ್ಲಿನ ಮೇಲಿನ ಒಂದು ಸಾಲಿನ ಭರವಸೆ.

ಜಿ7 ದೇಶಗಳು ರಷ್ಯದ ವಜ್ರ ತಡೆಯಲು ಹೊರಟಾಗ ಇದೇ ಕಗ್ಗಂಟಾಯಿತು. 2024ರ ಜನವರಿಯಿಂದ ನೇರ ಆಮದಿಗೆ ತಡೆ ಬಿತ್ತು. ಬೇರೆ ದೇಶದಲ್ಲಿ ಸಾಣೆ ಹಿಡಿದ ರಷ್ಯದ ಕಲ್ಲುಗಳ ಪೈಕಿ ಮಾರ್ಚ್‌ನಿಂದ ಒಂದು ಕ್ಯಾರಟ್ ಮತ್ತು ಮೇಲಿನವಕ್ಕೆ, ಸೆಪ್ಟೆಂಬರ್‌ನಿಂದ ಅರ್ಧ ಕ್ಯಾರಟ್ ಮತ್ತು ಮೇಲಿನವಕ್ಕೂ ತಡೆ ಬಂತು. ಈಗ ಕಚ್ಚಾ ಕಲ್ಲನ್ನು ಮೊದಲೇ ಸ್ಕ್ಯಾನ್ ಮಾಡಿ, ಹೊಳಪಿಸಿದ ಕಲ್ಲಿನೊಂದಿಗೆ ತಾಳೆ ನೋಡುವ ಪದ್ಧತಿಗಳಿವೆ. ಗಾತ್ರದ ಕಲ್ಲಿಗೆ ಇದು ನಡೆಯುತ್ತದೆ. ಸಾಲುಗಟ್ಟಿ ಕೂರಿಸುವ ಸಾಸಿವೆಯಷ್ಟು ಹರಳುಗಳಿಗೆ ಒಂದೊಂದಕ್ಕೂ ಹೀಗೆ ಮಾಡುವುದು ಕಲ್ಲಿನ ಬೆಲೆಗೇ ಮೀರಿದ ಖರ್ಚು. ಎಷ್ಟು ಗಾತ್ರದ ಮೇಲಿನ ಕಲ್ಲುಗಳ ಮೂಲ ಗೊತ್ತಿದೆ, ಒಟ್ಟು ಕ್ಯಾರಟ್‌ನಲ್ಲಿ ಅದರ ಪಾಲೆಷ್ಟು ಎಂದು ಬಿಚ್ಚಿ ಹೇಳುವ ವರದಿಯೇ ನಂಬಿಕೆಗೆ ಅರ್ಹ.

ಪ್ರಶ್ನೆ: ಪ್ರಯೋಗಾಲಯದ ವಜ್ರ ಪರಿಸರಸ್ನೇಹಿಯೇ?

ಉತ್ತರ: ಕರೆಂಟು ಎಲ್ಲಿಂದ ಬಂತು ಎಂಬುದರ ಮೇಲಿದೆ. ಅಧಿಕ ಒತ್ತಡ, ಅಧಿಕ ಶಾಖದಲ್ಲಿ ವಜ್ರ ಬೆಳೆಸುವ ಎಚ್‌ಪಿಎಚ್‌ಟಿ ವಿಧಾನಕ್ಕೆ 5ರಿಂದ 6 ಗಿಗಾಪ್ಯಾಸ್ಕಲ್ ಒತ್ತಡ, 1,300 ಡಿಗ್ರಿಗೂ ಮೀರಿದ ಶಾಖ ಬೇಕು. ಅನಿಲದಿಂದ ಪದರ ಪದರವಾಗಿ ಬೆಳೆಸುವ ಸಿವಿಡಿಯಲ್ಲಿ ಮೀಥೇನ್, ಹೈಡ್ರೋಜನ್ ಅನಿಲಗಳ ಪ್ಲಾಸ್ಮಾ ವಾರಗಟ್ಟಲೆ ಉರಿಯಬೇಕು. ಕಲ್ಲಿದ್ದಲಿನ ಕರೆಂಟಿನಲ್ಲಿ ಬೆಳೆದದ್ದನ್ನು ಹಸಿರು ಎನ್ನಲಾಗದು. ಆಧಾರವಿಲ್ಲದೆ ಪರಿಸರಸ್ನೇಹಿ ಎಂದು ಜಾಹೀರಾತು ಕೊಡದಂತೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಎಂಟು ಮಾರಾಟಗಾರರಿಗೆ ಪತ್ರ ಬರೆದಿತ್ತು.

ಪ್ರಶ್ನೆ: ಸಣ್ಣ ಗಣಿಗಾರರು ಪಾದರಸ ಬಳಸುತ್ತಾರೆ ಎಂದು ನಮ್ಮ ಸಮೂಹ ಅವರಿಂದ ಕೊಳ್ಳುವುದನ್ನೇ ನಿಲ್ಲಿಸಿದೆ. ಇದು ಸರಿಯೇ?

ಉತ್ತರ: ಕೈ ತೊಳೆದುಕೊಳ್ಳಲು ಸುಲಭದ ದಾರಿ, ನಮಗೆ ಒಪ್ಪಿಗೆಯಿಲ್ಲ. ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನ ಕೈಗಣಿಗಾರಿಕೆಯಲ್ಲಿ ಬದುಕುತ್ತಾರೆ. ಗಾಳಿಗೆ ಸೇರುವ ಮಾನವನಿರ್ಮಿತ ಪಾದರಸದ ಅತಿದೊಡ್ಡ ಮೂಲವೂ ಇದೇ. ಅದಿರಿನ ಪುಡಿಗೆ ಪಾದರಸ ಬೆರೆಸಿದಾಗ ಚಿನ್ನದ ಕಣಗಳು ಅದಕ್ಕೆ ಅಂಟಿ ಮುದ್ದೆಯಾಗುತ್ತವೆ. ಆ ಮುದ್ದೆಯನ್ನು ತೆರೆದ ಬಾಣಲೆಯಲ್ಲಿ, ಎಷ್ಟೋ ಕಡೆ ಮನೆಯೊಳಗೇ, ಕಾಯಿಸಿ ಪಾದರಸ ಹಾರಿಸುತ್ತಾರೆ. ಮುಚ್ಚಿದ ಪಾತ್ರೆಗೆ ಕೊಳವೆ ಹಚ್ಚಿ, ಆವಿಯನ್ನು ನೀರಿನಲ್ಲಿ ತಣಿಸುವ ರಿಟಾರ್ಟ್ ಎಂಬ ಸಾಧನ ಬಹುಪಾಲು ಪಾದರಸವನ್ನು ಮರಳಿ ಹಿಡಿಯುತ್ತದೆ. ಅಲುಗಾಡುವ ಮೇಜು, ಕೇಂದ್ರಾಪಗಾಮಿ ಯಂತ್ರಗಳಿಂದ ಮೊದಲೇ ಚಿನ್ನದ ಅಂಶ ಸಾಂದ್ರಗೊಳಿಸಿದರೆ ಪಾದರಸವೇ ಬೇಡವಾಗಬಹುದು. 2017ರಲ್ಲಿ ಜಾರಿಯಾದ, ಪಾದರಸ ನಿಯಂತ್ರಣದ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದವೂ ಇಡೀ ಅದಿರಿಗೆ ಪಾದರಸ ಬೆರೆಸುವುದನ್ನು, ವಸತಿ ಪ್ರದೇಶದಲ್ಲಿ ಮುದ್ದೆ ಸುಡುವುದನ್ನು ತೊಲಗಿಸಬೇಕಾದ ಪದ್ಧತಿಗಳೆಂದೇ ಹೇಳುತ್ತದೆ.

ದೊಡ್ಡ ಕೊಳ್ಳುಗರು ಹೊರಟುಹೋದರೆ ಆ ಚಿನ್ನ ನಿಲ್ಲುವುದಿಲ್ಲ, ಕಳ್ಳದಾರಿಯ ದಲ್ಲಾಳಿಗೆ ಇನ್ನೂ ಅಗ್ಗಕ್ಕೆ ಹೋಗುತ್ತದೆ. ಫೇರ್‌ಟ್ರೇಡ್, ಫೇರ್‌ಮೈನ್ಡ್ ಮಾನ್ಯತೆಯ ಗಣಿ ಸಂಘಗಳಿಂದ ವರ್ಷಕ್ಕೆ ಹತ್ತೇ ಕಿಲೋ ಆದರೂ ಮೂರು ವರ್ಷದ ಖರೀದಿ ಒಪ್ಪಂದ ಮಾಡಿಕೊಳ್ಳುವುದು ಮೇಲು. ಯಂತ್ರಕ್ಕೆ ಸಾಲ ಪಡೆಯಲು ಅವರಿಗೆ ಬೇಕಾದದ್ದು ಆ ಖಾತರಿಯೇ.

ಪ್ರಶ್ನೆ: ನಮ್ಮ ಎರಕದ ವಿಭಾಗದಲ್ಲಿ ಕೆಮ್ಮು ಸಾಮಾನ್ಯ. ಮುಖಗವಸು ಕೊಟ್ಟಿದ್ದಾರೆ, ವರದಿಯಲ್ಲಿ "ಶೂನ್ಯ ಅಪಘಾತ" ಎಂದಿದೆ. ಏನನ್ನು ಕೇಳಬೇಕು?

ಉತ್ತರ: ಮೊದಲು ವೈದ್ಯರ ಬಳಿ ಹೋಗಿ ಎದೆಯ ಎಕ್ಸ್‌ರೇ, ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಮಾಡಿಸಿಕೊಳ್ಳಿ. ಯಾವ ಪುಡಿಯೊಂದಿಗೆ ಕೆಲಸ ಎಂದು ಅವರಿಗೆ ತಪ್ಪದೆ ತಿಳಿಸಿ. ಎರಕದ ಅಚ್ಚಿಗೆ ಬಳಸುವ ಬಿಳಿ ಪುಡಿಯಲ್ಲಿ ಜಿಪ್ಸಂ ಜೊತೆ ಸ್ಫಟಿಕ ರೂಪದ ಸಿಲಿಕಾ ದಂಡಿಯಾಗಿರುತ್ತದೆ. ಅದರ ಸೂಕ್ಷ್ಮ ಕಣ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಅಪಘಾತದ ಪಟ್ಟಿಗೆ ಇದು ಬರುವುದೇ ಇಲ್ಲವಾದ್ದರಿಂದ "ಶೂನ್ಯ ಅಪಘಾತ" ನಿಮ್ಮ ಕೆಮ್ಮಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ದೂಳು ಏಳುವ ಕ್ಷಣಗಳು ಮೂರು. ಚೀಲದಿಂದ ಪುಡಿ ಸುರಿಯುವಾಗ, ಅಚ್ಚು ಒಡೆದು ಒಡವೆ ತೆಗೆಯುವಾಗ, ಸಂಜೆ ಕಸ ಗುಡಿಸುವಾಗ. 100 ಗ್ರಾಂ ಪುಡಿಗೆ 38ರಿಂದ 40 ಮಿ.ಲೀ. ನೀರು ಬೀಳುವ ತನಕ ಅದು ಒಣ ಪುಡಿಯೇ. ಆದ್ದರಿಂದ ತೂಗುವುದು, ಸುರಿಯುವುದು ಎರಡೂ ಗಾಳಿ ಹೀರುವ ಗೂಡಿನೊಳಗೇ ಆಗಬೇಕು, ಪುಡಿಯನ್ನು ಎತ್ತರದಿಂದ ಸುರಿಯಬಾರದು. ಅಚ್ಚನ್ನು ನೀರಿನಲ್ಲಿ ಮುಳುಗಿಸಿಯೇ ಒಡೆಯಬೇಕು, ಕೆಸರು ಒಣಗುವ ಮೊದಲೇ ತುಂಬಿ ಸಾಗಿಸಬೇಕು. ಪೊರಕೆಯನ್ನು ಆ ಕೋಣೆಯಿಂದ ಹೊರಗಿಡಿ. ಒದ್ದೆ ಬಟ್ಟೆ ಅಥವಾ ಅತಿ ಸೂಕ್ಷ್ಮ ದೂಳನ್ನೂ ಹಿಡಿಯುವ ಹೆಪಾ ಶೋಧಕವಿರುವ ವ್ಯಾಕ್ಯೂಮ್ ಮಾತ್ರ. ಮುಖಗವಸು ಇದೆಲ್ಲ ಆದ ಮೇಲಿನ ಮಾತು.

ಗಾಳಿ ಹೀರುವ ಯಂತ್ರ ಇದ್ದೂ ಕೆಲಸ ಮಾಡದಿರುವುದಕ್ಕೆ ಕಾರಣ ಹೆಚ್ಚಾಗಿ ದೂರ. ಹೀರುವ ಬಾಯಿ 15 ಸೆಂ.ಮೀ.ನಿಂದ 30 ಸೆಂ.ಮೀ.ಗೆ ಸರಿದರೆ ಗಾಳಿಯ ಸೆಳೆತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಕೈಗೆ ಅಡ್ಡವಾಗುತ್ತದೆಂದು ಕೊಳವೆಯನ್ನು ಹಿಂದಕ್ಕೆ ತಳ್ಳಿರುತ್ತಾರೆ, ಸದ್ದು ಮಾತ್ರ ಅಷ್ಟೇ ಕೇಳುತ್ತಿರುತ್ತದೆ. ಕೆಲಸದ ಜಾಗದಲ್ಲಿ ತೆಳು ಕಾಗದದ ಪಟ್ಟಿ ಹಿಡಿದು ನೋಡಿ. ಬಾಯಿಯ ಕಡೆ ಬಾಗದಿದ್ದರೆ ದೂಳೂ ಆ ಕಡೆ ಹೋಗುತ್ತಿಲ್ಲ. ಆಡಳಿತದವರನ್ನು ಕೇಳಬೇಕಾದ ಅಂಕಿ ಒಂದೇ: ಎಂಟು ಗಂಟೆಯ ಪಾಳಿಯಲ್ಲಿ ಉಸಿರಿಗೆ ಸೇರುವ ಸಿಲಿಕಾ ಘನ ಮೀಟರಿಗೆ ಎಷ್ಟು ಮಿಲಿಗ್ರಾಂ? ಅಮೆರಿಕದ 2016ರ ನಿಯಮದಲ್ಲಿ ಮಿತಿ 0.05.

ಬೆಸುಗೆಯ ಮೇಜಿನಲ್ಲಿ ಕ್ಯಾಡ್ಮಿಯಂ ಇನ್ನೂ ಇದೆಯೇ ಎಂದೂ ವಿಚಾರಿಸಿ. ಕೆಡಿಎಂ ಎಂಬ ಹೆಸರೇ ಅದರಿಂದ ಬಂದದ್ದು. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ, ಬೆಸುಗೆಯ ಜ್ವಾಲೆಗೆ ಅದು ಏನೂ ಅಲ್ಲ. ಒಡವೆ ತೊಡುವವರಿಗಿಂತ ಬೆಸುಗೆಯ ಜ್ವಾಲೆ ಊದುವವರಿಗೇ ಅದು ವಿಷ. ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಸತುವು, ಇಂಡಿಯಂ ಸೇರಿದ ಬೆಸುಗೆ, ಲೇಸರ್ ಬೆಸುಗೆ ಬಂದು ವರ್ಷಗಳಾದವು, ಇನ್ನು ನೆಪ ಉಳಿದಿಲ್ಲ.

ಲೇಪನದ ಕೋಣೆಯ ಒಂದು ತಪ್ಪು ಜೀವಕ್ಕೇ ಎರವಾಗಬಲ್ಲದು. ಲೇಪನದ ಸಯನೈಡ್ ದ್ರಾವಣದಿಂದ ತೆಗೆದ ಒಡವೆ ತೊಳೆದ ನೀರು, ಬೆಸುಗೆಯ ಕಪ್ಪು ತೆಗೆಯುವ ಆಮ್ಲದ ನೀರು ಎರಡೂ ಒಂದೇ ಮೋರಿಗೆ ಹೋದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಕೊಳವೆಗಳು ಬೇರೆ, ಬಣ್ಣ ಬೇರೆ, ತೊಟ್ಟಿ ಬೇರೆ ಇರಬೇಕು. ಸಯನೈಡ್ ನೀರಿನ ಪಿಎಚ್ ಅನ್ನು 10ಕ್ಕಿಂತ ಮೇಲೆ ಹಿಡಿದು ಸೋಡಿಯಂ ಹೈಪೋಕ್ಲೋರೈಟ್ ಹಾಕಿದರೆ ಮೊದಲು ಸಯನೇಟ್ ಆಗುತ್ತದೆ. ಆಮೇಲೆ ಪಿಎಚ್ 8.5ರ ಸುತ್ತ ಇಳಿಸಿ ಎರಡನೇ ಸಲ ಹಾಕಿದಾಗ ನೈಟ್ರೋಜನ್, ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಆತುರಪಟ್ಟು ಮೊದಲ ಹಂತದಲ್ಲೇ ಪಿಎಚ್ ಇಳಿಸಿದರೆ ಸಯನೋಜನ್ ಕ್ಲೋರೈಡ್ ಎಂಬ ಇನ್ನೊಂದು ವಿಷಾನಿಲ ಹೊರಬರುತ್ತದೆ.

ಪ್ರಶ್ನೆ: ಒಡವೆಯ ಪೆಟ್ಟಿಗೆ ಕಾಗದದ್ದೇ ಆದರೂ ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲ, ಏಕೆ?

ಉತ್ತರ: ರಟ್ಟು, ಫೋಮು, ಮಖಮಲ್ಲಿನಂತೆ ಕಾಣುವ ನೈಲಾನ್ ನುಣುಪು, ಅಂಟು, ಮುಚ್ಚಳದೊಳಗಿನ ಅಯಸ್ಕಾಂತ ಎಲ್ಲ ಒಂದಕ್ಕೊಂದು ಬೆಸೆದಿರುತ್ತವೆ. ಅಯಸ್ಕಾಂತವನ್ನೂ ನೈಲಾನನ್ನೂ ತೆಗೆದರೆ ಅರ್ಧ ತೊಂದರೆ ಮುಗಿಯಿತು. ಅದಕ್ಕಿಂತ, ಪೆಟ್ಟಿಗೆ ಬೇಕೇ ಎಂದು ಗ್ರಾಹಕರನ್ನು ಕೇಳಿ ಕೊಡುವುದು ಒಳ್ಳೆಯದು.

ಪ್ರಶ್ನೆ: ನಮ್ಮದು ಮಧ್ಯಮ ಗಾತ್ರದ ಸಮೂಹ. ಮೊದಲ ಸುಸ್ಥಿರತೆ ವರದಿಯ ಅಂಕಿಗಳನ್ನು ಸಿದ್ಧಪಡಿಸುವ ಹೊಣೆ ಲೆಕ್ಕಪತ್ರ ವಿಭಾಗದ ನನ್ನ ಮೇಲೆ ಬಿದ್ದಿದೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಲೆಕ್ಕಪತ್ರದವರ ಕೈಗೆ ಬಂದದ್ದು ಒಳ್ಳೆಯದೇ ಆಯಿತು. ಪ್ರಚಾರ ವಿಭಾಗದವರು ಫೋಟೋದಿಂದ ಶುರುಮಾಡುತ್ತಾರೆ.

ಮೊದಲು ಎಲ್ಲೆ ಗೆರೆ ಎಳೆಯಿರಿ. ಸ್ವಂತ ಮಳಿಗೆ, ಫ್ರಾಂಚೈಸಿ, ಸ್ವಂತ ಕಾರ್ಖಾನೆ, ಕೂಲಿಗೆ ಒಡವೆ ಮಾಡಿಕೊಡುವ ಹೊರಗಿನವರು, ಯಾರು ಒಳಗೆ, ಯಾರು ಹೊರಗೆ ಎಂದು ಒಂದು ಪುಟದಲ್ಲಿ ಬರೆಯಿರಿ. ಕೂಲಿಯವರನ್ನು ಬಿಟ್ಟರೆ ನಿಮ್ಮ ಸುರಕ್ಷತೆಯ ಅಂಕಿ ಚೆನ್ನಾಗಿ ಕಾಣುತ್ತದೆ, ಬಿಟ್ಟಿದ್ದೇವೆ ಎಂದಾದರೂ ಬರೆಯಿರಿ. ಆಧಾರ ವರ್ಷವಾಗಿ 2020 ಬೇಡ. ಮಳಿಗೆಗಳು ಮುಚ್ಚಿದ್ದ ವರ್ಷದ ಜೊತೆಗಿನ ಹೋಲಿಕೆ ಎತ್ತಲೂ ಅರ್ಥ ಕೊಡುವುದಿಲ್ಲ.

ಆಮೇಲೆ ಲೋಹದ ಖಾತೆ. ಎಡವುವುದು ಇಲ್ಲೇ, ಅದೂ ತೂಕದಲ್ಲಿ. ಖರೀದಿ ವಿಭಾಗ ಗಟ್ಟಿಯನ್ನು ಶುದ್ಧ ತೂಕದಲ್ಲಿ ಬರೆಯುತ್ತದೆ, ಮಾರಾಟ ವಿಭಾಗ ಒಡವೆಯ ತೂಕದಲ್ಲಿ. 18 ಕ್ಯಾರಟ್‌ನ 100 ಕಿಲೋ ಒಡವೆಯಲ್ಲಿ ಶುದ್ಧ ಚಿನ್ನ 75 ಕಿಲೋ, 22 ಕ್ಯಾರಟ್‌ನಲ್ಲಿ 91.6. ಹರಳಿನ ತೂಕ ಕಳೆಯದೆ ಬರೆದವರೂ ಇರುತ್ತಾರೆ. ಎಲ್ಲವನ್ನೂ ಶುದ್ಧ ತೂಕಕ್ಕೆ ಇಳಿಸಿ. ಆರಂಭದ ದಾಸ್ತಾನು, ಖರೀದಿ, ವಿನಿಮಯದಲ್ಲಿ ಬಂದದ್ದು ಕೂಡಿಸಿ, ಕೊನೆಯ ದಾಸ್ತಾನು, ತಯಾರಿಯ ಸವಕಳಿ ಕಳೆಯಿರಿ. ಮಾರಿದ ತೂಕಕ್ಕೆ ಅದು ತಾಳೆಯಾಗಬೇಕು. ಆಗದಿದ್ದರೆ ವಿನಿಮಯದ ಚಿನ್ನ ಎರಡು ಸಲ ಲೆಕ್ಕಕ್ಕೆ ಬಂದಿದೆಯೇ ನೋಡಿ. ಮಳಿಗೆಯಲ್ಲಿ "ಹಳೆಯ ಒಡವೆ" ಎಂದೊಮ್ಮೆ, ರಿಫೈನರಿಯಿಂದ ಗಟ್ಟಿಯಾಗಿ ಮರಳಿದಾಗ "ಮರುಬಳಕೆ ಖರೀದಿ" ಎಂದೊಮ್ಮೆ. ಮರುಬಳಕೆಯ ಶೇಕಡಾವಾರು ಬೆರಗಾಗುವಷ್ಟು ಏರಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಪೂರೈಕೆದಾರರಿಗೆ ನಲವತ್ತು ಪ್ರಶ್ನೆಗಳ ನಮೂನೆ ಕಳಿಸಿದರೆ ಎಲ್ಲಕ್ಕೂ "ಹೌದು" ಎಂದು ಬರುತ್ತದೆ. ತೂಕದಲ್ಲಿ ದೊಡ್ಡವರನ್ನು ಆರಿಸಿ, ನಾಲ್ಕೇ ಕೇಳಿ. ಲೋಹ ಯಾವ ರಿಫೈನರಿಯದು, ಅದರ ಕಳೆದ ಪರಿಶೋಧನೆಯ ದಿನಾಂಕ ಯಾವುದು, ಬಾರ್‌ಗಳ ಕ್ರಮಸಂಖ್ಯೆ ಬಿಲ್ಲಿನಲ್ಲಿದೆಯೇ, ಕೆಲಸವನ್ನು ಇನ್ಯಾರಿಗಾದರೂ ಮುಂದಕ್ಕೆ ಕೊಡುತ್ತೀರಾ. ಕೊನೆಯದಕ್ಕೆ ಉತ್ತರ ತಡವಾದ ಕಡೆ ಸ್ವತಃ ಹೋಗಿ ನೋಡಿ.

ವಿದ್ಯುತ್ತಿನ ಅಂಕಿಯನ್ನು ಬಿಲ್ಲಿನ ಮೊತ್ತದಿಂದ ಲೆಕ್ಕ ಹಾಕಬೇಡಿ, ಯೂನಿಟ್ ನೋಡಿ. ಮಾಲ್‌ನಲ್ಲಿರುವ ಮಳಿಗೆಗಳಿಗೆ ಎ.ಸಿ. ಖರ್ಚು ಬಾಡಿಗೆಯೊಳಗೇ ಸೇರಿರುತ್ತದೆ. ಅಲ್ಲಿ ಚದರಡಿಯ ಲೆಕ್ಕದಲ್ಲಿ ಅಂದಾಜು ಮಾಡಿ, ಅಂದಾಜು ಎಂದೇ ಗುರುತು ಹಾಕಿ. ಪ್ರತಿ ಅಂಕಿಯ ಪಕ್ಕ ಅಳತೆ, ಲೆಕ್ಕ, ಅಂದಾಜು ಎಂಬ ಮೂರರಲ್ಲಿ ಒಂದು ಪದ ಇರಲಿ.

ಮುಂದಿನ ವರ್ಷ ಈ ವರ್ಷದ ಅಂಕಿಯೊಂದು ತಪ್ಪೆಂದು ಗೊತ್ತಾಗಿಯೇ ಆಗುತ್ತದೆ. ಆಗ ಹಳೆಯದನ್ನು ಸದ್ದಿಲ್ಲದೆ ಬದಲಿಸಬೇಡಿ. ಹಳೆಯದು, ತಿದ್ದಿದ್ದು ಎರಡನ್ನೂ ಅಕ್ಕಪಕ್ಕ ಅಚ್ಚುಹಾಕಿ, ವ್ಯತ್ಯಾಸ ಏಕೆ ಬಂತೆಂದು ಕೆಳಗೆ ಒಂದು ಸಾಲು ಬರೆಯಿರಿ.